ಕಲ್ಪಿತ ಲೋಕದ ಎತ್ತರ

ಇಲ್ಲದ ಲೋಕವೊಂದನ್ನು ಕಟ್ಟುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಆಕಾಶದಲ್ಲಿ ಎರಡು ಚಂದ್ರರನ್ನು ತೂಗಹಾಕಿ, ಬೆಟ್ಟಗಳಿಗೆ ರೆಕ್ಕೆ ಹಚ್ಚಿ, ಗುಹೆಗೊಬ್ಬ ರಾಕ್ಷಸನನ್ನು ಕೂರಿಸಿದರೆ ಲೋಕವೊಂದು ಸಿದ್ಧವಾಯಿತು. ಮಕ್ಕಳು ಮಳೆಗಾಲದ ಒಂದು ಮಧ್ಯಾಹ್ನದಲ್ಲಿ ಇಂತಹ ಮೂರು ಲೋಕಗಳನ್ನು ಸೃಷ್ಟಿಸಬಲ್ಲರು. ಆದರೆ ಆ ಲೋಕವು ಓದುವವನ ಮನಸ್ಸಿಗೆ ಉನ್ನತವಾಗಿ ತೋರಬೇಕಾದರೆ ಇಷ್ಟು ಸಾಲದು. ಮಹಾಕಾವ್ಯವನ್ನು ಕೇಳುತ್ತಿರುವಾಗ ನಮಗೆ ತಿಳಿಯದೆಯೇ ನಮ್ಮ ಬೆನ್ನು ನೆಟ್ಟಗಾಗುವುದುಂಟಷ್ಟೆ. ಅದ್ಭುತ ಕಥೆಗಳೆಲ್ಲವೂ ಈ ಕೆಲಸವನ್ನು ಏಕೆ ಮಾಡಲಾರವು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ನನ್ನ ತಮ್ಮನ ಮಗಳು. ಕಾಲೇಜಿನ ಓದಿನ ನಡುವೆ ಎರಡು ವರ್ಷಗಳಿಂದ ಆಕೆ ಒಂದು ಕಾದಂಬರಿಯನ್ನು ಬರೆಯುತ್ತಿದ್ದಾಳೆ. ಅದರಲ್ಲಿ ಏಳು ರಾಜ್ಯಗಳುಂಟು, ಬಣ್ಣ ಹಾಕಿದ ಭೂಪಟವುಂಟು, ಹತ್ತು ಲಕ್ಷ ಯೋಧರ ಕಾಳಗವುಂಟು. ಕಟ್ಟನ್ನು ನನ್ನ ಕೈಗಿತ್ತು, “ದೊಡ್ಡಪ್ಪ, ಎಲ್ಲವನ್ನೂ ಹಾಕಿದ್ದೇನೆ, ಆದರೂ ದೊಡ್ಡದೆನಿಸುವುದಿಲ್ಲ. ಹರಿದು ಹಾಕಿಬಿಡಲೇ?” ಎಂದಳು. ಕಣ್ಣಿನಲ್ಲಿ ನೀರಿತ್ತು. ಎರಡು ವರ್ಷದ ದುಡಿಮೆಯನ್ನು ಒಲೆಗೆ ಹಾಕಿಸುವ ಅಧಿಕಾರ ನನಗೆ ಬೇಡವಾಗಿತ್ತು. ಒಂದು ವಾರದ ಅವಧಿಯನ್ನು ಕೇಳಿ ಕಟ್ಟನ್ನು ತೆಗೆದಿಟ್ಟುಕೊಂಡೆನು.

ಆ ವಾರದಲ್ಲಿ ನಾನು ಮತ್ತೆ ತೆರೆದುದು ಟೋಲ್ಕಿನ್ ಎಂಬ ಆಂಗ್ಲ ಗ್ರಂಥಕರ್ತನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಬೃಹತ್ಕಥೆಯನ್ನು. ಈತನು ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದವನು. ಪ್ರಾಚೀನ ಇಂಗ್ಲಿಷಿನಲ್ಲಿ ಪಂಡಿತನು. ಗ್ರಂಥವು 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದಿತು. ಅದರಲ್ಲಿಯೂ ಭೂಪಟವಿದೆ, ಸೈನ್ಯಗಳಿವೆ, ಮಾಂತ್ರಿಕರಿದ್ದಾರೆ. ಆದರೆ ನನ್ನನ್ನು ತಡೆದು ನಿಲ್ಲಿಸಿದುದು ಇವಾವುವೂ ಅಲ್ಲ, ಒಂದು ಕುರ್ಚಿ.

ಗೊಂಡಾರ್ ಎಂಬ ರಾಜ್ಯದ ಆಸ್ಥಾನಮಂಟಪವನ್ನು ಕವಿಯು ಬಣ್ಣಿಸುತ್ತಾನೆ. ಮೆಟ್ಟಿಲುಗಳ ಮೇಲೆ ಎತ್ತರದಲ್ಲಿ ಸಿಂಹಾಸನ, ಅದು ಬರಿದು. ಮೆಟ್ಟಿಲುಗಳ ಬುಡದಲ್ಲಿ ಅಲಂಕಾರವಿಲ್ಲದ ಕರಿಯ ಕಲ್ಲಿನ ಆಸನ. ರಾಜ್ಯವನ್ನಾಳುವ ಮುದುಕನು ಕುಳಿತಿರುವುದು ಅದರಲ್ಲಿ. ಆತನು ರಾಜನಲ್ಲ, ರಾಜನ ಪ್ರತಿನಿಧಿ. ರಾಜವಂಶವು ಮರೆಯಾಗಿ ಒಂಬೈನೂರಕ್ಕೂ ಹೆಚ್ಚು ವರ್ಷಗಳು ಸಂದಿವೆ. ತಂದೆಯ ತರುವಾಯ ಮಗನೆಂಬಂತೆ ಅಷ್ಟೂ ಕಾಲ ಪ್ರತಿನಿಧಿಗಳೇ ಆಳುತ್ತ ಬಂದಿದ್ದಾರೆ. ಒಬ್ಬನಾದರೂ ಮೆಟ್ಟಿಲನ್ನೇರಿ ಮೇಲೆ ಕುಳಿತಿಲ್ಲ. ಹೊರಗೆ ಅಂಗಳದಲ್ಲಿ ಒಣಗಿದ ಬಿಳಿಯ ಮರವೊಂದಿದೆ. ಅದನ್ನೂ ಕಡಿಯದೆ ಉಳಿಸಿಕೊಂಡಿದ್ದಾರೆ.

ಇದನ್ನೋದಿದಾಗ ನಮ್ಮವರಿಗೆ ನಂದಿಗ್ರಾಮದ ನೆನಪಾಗದೆ ಇರದು. ಅಯೋಧ್ಯೆಯ ವೈಭವವನ್ನು ಎಷ್ಟು ಬಗೆಯಾಗಿ ಬಣ್ಣಿಸಿದರೂ, ಪಾದುಕೆಗಳನ್ನು ಮುಂದಿಟ್ಟುಕೊಂಡು ಜಟಾಧಾರಿಯಾಗಿ ಹದಿನಾಲ್ಕು ವರ್ಷ ಕಳೆದ ಭರತನಿಂದ ಆ ರಾಜ್ಯಕ್ಕೆ ಬಂದ ಎತ್ತರವು ಅದರ ಉಪ್ಪರಿಗೆಗಳಿಂದ ಬರಲಿಲ್ಲ. ಲೋಕದೊಳಗಿನ ಜನರೇ ತಮಗಿಂತ ಮಿಗಿಲಾದುದೊಂದರ ಕಡೆಗೆ ತಲೆಯೆತ್ತಿ ನೋಡುತ್ತಿದ್ದರೆ, ಓದುವವನ ತಲೆಯೂ ತಾನಾಗಿ ಮೇಲಕ್ಕೇಳುತ್ತದೆ. ಭರತನು ಅಣ್ಣನು ಬಂದೊಡನೆ ರಾಜ್ಯವನ್ನೊಪ್ಪಿಸಿದನು. ಗೊಂಡಾರಿನ ಮುದುಕನಾದ ಡೆನೆಥಾರನು ಒಪ್ಪಿಸಲಾರದೆ ಬೆಂಕಿಗೆ ಬಿದ್ದು ಸತ್ತನು. ಬರಿದಾದ ಆ ಸಿಂಹಾಸನವಿಲ್ಲದಿದ್ದರೆ ಅವನು ಹಟಮಾರಿಯಾದ ಒಬ್ಬ ವೃದ್ಧನಷ್ಟೇ ಆಗಿರುತ್ತಿದ್ದನು.

ವ್ಯಾಸರಿಗೂ ಈ ಮರ್ಮವು ಚೆನ್ನಾಗಿ ಗೊತ್ತಿತ್ತು. ವನಪರ್ವದಲ್ಲಿ ಭೀಮಸೇನನು ದ್ರೌಪದಿಗಾಗಿ ಸೌಗಂಧಿಕ ಪುಷ್ಪವನ್ನರಸಿ ಹೋಗುತ್ತಾನೆ. ಅಷ್ಟು ಹೊತ್ತಿಗೆ ಭೀಮನಿಗಿಂತ ಬಲಶಾಲಿಯಿಲ್ಲವೆಂದು ನಾವೂ ನಂಬಿಬಿಟ್ಟಿರುತ್ತೇವೆ. ಬಾಳೆಯ ವನದಲ್ಲಿ ಮುದಿ ಕಪಿಯೊಂದು ದಾರಿಗಡ್ಡವಾಗಿ ಮಲಗಿದೆ. ಅದರ ಬಾಲವನ್ನು ಎರಡು ಕೈಗಳಿಂದಲೂ ಎತ್ತಲಾರದೆ ಭೀಮನು ಬೆವರುತ್ತಾನೆ. ಸಮುದ್ರವನ್ನು ದಾಟಿದ ರೂಪವನ್ನು ತೋರೆಂದು ಬೇಡಿದಾಗ, ಆ ಕಾಲವೇ ಬೇರೆಯೆಂದೂ ಯುಗದಿಂದ ಯುಗಕ್ಕೆ ಎಲ್ಲವೂ ಕುಗ್ಗುತ್ತ ಬಂದಿದೆಯೆಂದೂ ಹನುಮಂತನು ಹೇಳುತ್ತಾನೆ. ಕಡೆಗೆ ತೋರಿಸಿಯೂ ತೋರಿಸುತ್ತಾನೆ. ಭೀಮನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಒಂದು ಬಾಲದಿಂದ ಭಾರತದ ಹಿಂದೆ ಇಡಿಯ ರಾಮಾಯಣವೇ ಬೆಟ್ಟದಂತೆ ಎದ್ದು ನಿಂತಿತು! ಹದಿನೆಂಟು ಅಕ್ಷೋಹಿಣಿಯ ಲೆಕ್ಕದಿಂದ ಇದು ಸಾಧ್ಯವಿದ್ದಿತೆ? ಲೆಕ್ಕವನ್ನು ಶಾನುಭೋಗನೂ ಬರೆದಾನು.

ಹಾಗೆ ತಲೆಯೆತ್ತಿ ನೋಡಿದ ಎತ್ತರವು ಕೈಜಾರುತ್ತಲೂ ಇರಬೇಕೆಂದು ನನಗೆ ತೋರುತ್ತದೆ. ಕುಮಾರವ್ಯಾಸನ ಭಾರತವು ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲುವುದರಿಂದ, ಗಮಕಿಗಳ ಬಾಯಿಂದ ಅದನ್ನು ಮಾತ್ರ ಕೇಳಿದವರಿಗೆ ಮೌಸಲಪರ್ವದ ಪರಿಚಯ ಕಡಿಮೆ. ಯಾದವ ಸ್ತ್ರೀಯರನ್ನು ಕರೆದುಕೊಂಡು ಬರುತ್ತಿದ್ದ ಅರ್ಜುನನು ದಾರಿಗಳ್ಳರ ಮುಂದೆ ಗಾಂಡೀವಕ್ಕೆ ಹೆದೆಯೇರಿಸಲು ತಿಣುಕುವುದೂ, ಅಸ್ತ್ರಗಳು ನೆನಪಿಗೇ ಬಾರದಿರುವುದೂ ಅಲ್ಲಿವೆ. ಅದನ್ನೋದಿದ ಮೇಲೆ ಹಿಂದಿನ ಯುದ್ಧಪರ್ವಗಳು ಇನ್ನೂ ಎತ್ತರವಾಗುತ್ತವೆ. ಟೋಲ್ಕಿನ್ನನು 1916ರಲ್ಲಿ ಸೊಮ್ ನದಿಯ ಕಾಳಗದಲ್ಲಿದ್ದವನು. ಆ ಮಹಾಯುದ್ಧದಲ್ಲಿ ತನ್ನ ಆಪ್ತ ಮಿತ್ರರಲ್ಲಿ ಒಬ್ಬನನ್ನುಳಿದು ಮಿಕ್ಕವರನ್ನೆಲ್ಲ ಕಳೆದುಕೊಂಡನು. ಅವನ ಲೋಕದಲ್ಲಿ ಗೆದ್ದವರಿಗೂ ಎಲ್ಲವೂ ಮರಳಿ ಬರುವುದಿಲ್ಲ. ಉಂಗುರವನ್ನು ಹೊತ್ತು ನಡೆದ ಫ್ರೋಡೊವಿನ ಗಾಯವು ಪ್ರತಿ ವರ್ಷವೂ ಅದೇ ದಿನ ನೋಯುತ್ತದೆ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹುಡುಗಿಯ ಕಟ್ಟನ್ನು ಓದಿದೆನು. ನೂರಾ ನಲವತ್ತನೆಯ ಪುಟದಲ್ಲಿ ಒಂದು ಪಾಳುಕೋಟೆ. ಒಡೆಯರ ವಂಶವೇ ಅಳಿದಿದ್ದರೂ ಮುದುಕಿಯೊಬ್ಬಳು ಸಂಜೆಗೊಮ್ಮೆ ಅದರ ಬಾಗಿಲಲ್ಲಿ ದೀಪವಿಡುತ್ತಾಳೆ. ಆಕೆ ಅದನ್ನು ನಾಲ್ಕೇ ಪಂಕ್ತಿಗಳಲ್ಲಿ ಮುಗಿಸಿ ಕಾಳಗಕ್ಕೆ ಓಡಿದ್ದಳು. ಅಲ್ಲಿ ಗುರುತಿಗೊಂದು ಕಾಗದವನ್ನಿಟ್ಟು, “ಇಲ್ಲಿಂದ ಮತ್ತೆ ಬರೆ ಮಗು, ಹರಿಯಬೇಡ” ಎಂದು ಹಿಂದಿರುಗಿಸಿದೆನು. ಆಕೆಯೇನೂ ಸುಮ್ಮನೆ ಒಪ್ಪಲಿಲ್ಲ. “ಹಳೆಯದೆಲ್ಲ ದೊಡ್ಡದೆನ್ನುವುದು ನಿಮ್ಮಂಥ ಹಿರಿಯರ ಅಭ್ಯಾಸವಲ್ಲವೇ?” ಎಂದು ಕೇಳಿದಳು.

ಆಕ್ಷೇಪಣೆಯಲ್ಲಿ ಹುರುಳಿದೆ. ಗತವೈಭವದ ಹಾಡೊಂದೇ ಆದರೆ ಕಥೆಯು ಜೊಂಪು ಹತ್ತಿಸುತ್ತದೆ. ಅದಕ್ಕಾಗಿಯೇ ಇರಬೇಕು, ಟೋಲ್ಕಿನ್ನನು ತನ್ನ ಭಾರವನ್ನೆಲ್ಲ ಹೊರಿಸಿದುದು ಕುಳ್ಳರಾದ, ದಿನಕ್ಕೆ ನಾಲ್ಕಾರು ಬಾರಿ ಉಣ್ಣುವ, ತೋಟದ ಗಡ್ಡೆಗೆಣಸಿನ ಚಿಂತೆ ಬಿಡದ ಹಳ್ಳಿಗರ ಮೇಲೆ. ಬರಿಯ ದೊಡ್ಡವರ ನಡುವೆ ದೊಡ್ಡತನವು ಕಾಣುವುದಿಲ್ಲ. ಕೋಟೆಯ ಎತ್ತರವು ತಿಳಿಯಬೇಕಾದರೆ ಬಾಗಿಲಲ್ಲಿ ಒಬ್ಬ ತೋಟದ ಮಾಲಿಯು ನಿಂತಿರಬೇಕು. ಫ್ರೋಡೊವಿನ ಜೊತೆಗಾರ ಸ್ಯಾಮ್ ಅಂಥವನು. ಕಥೆಯ ಕೊನೆಯಲ್ಲಿ ಒಡೆಯನನ್ನು ಮರಳಿ ಬಾರದ ಹಡಗಿಗೆ ಹತ್ತಿಸಿ, ಸಂಜೆ ಅವನು ಮನೆಗೆ ಬರುತ್ತಾನೆ. ಒಳಗೆ ದೀಪ ಉರಿಯುತ್ತಿದೆ, ಊಟ ಸಿದ್ಧವಾಗಿದೆ. ಹೆಂಡತಿಯು ಅವನನ್ನು ಕುಳ್ಳಿರಿಸಿ ಪುಟ್ಟ ಮಗಳನ್ನು ತೊಡೆಯ ಮೇಲೆ ಇಡುತ್ತಾಳೆ.