ಬಸಿದ ನೀರೂ ಒಂದು ಅಡುಗೆ

ಖರ್ಚು ಹಿಡಿತದಲ್ಲಿರಬೇಕಾದರೆ ನಾಲಿಗೆ ಹಿಡಿತದಲ್ಲಿರಬೇಕು, ದಿನವೂ ಅದೇ ಸಾರು ಅದೇ ಪಲ್ಯಕ್ಕೆ ಒಗ್ಗಿಕೊಳ್ಳಬೇಕು ಎಂಬ ನಂಬಿಕೆ ಬಹಳ ಮನೆಗಳಲ್ಲಿ ಬೇರೂರಿದೆ. ಬಗೆಬಗೆಯ ಊಟ ಬೇಕೆನ್ನುವವರು ಬಗೆಬಗೆಯ ಸಾಮಾನು ತರಬೇಕು ಎಂಬುದು ಅದರ ಹಿಂದಿನ ಲೆಕ್ಕ. ಕಾಳಿನ ಅಡುಗೆಯನ್ನು ಪ್ರೀತಿಯಿಂದ ಮಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮ ನಾಡಿನ ಕಾಳಿನ ಅಡುಗೆಯಲ್ಲಿ ವೈವಿಧ್ಯ ಹುಟ್ಟಿದ್ದೇ ಮಿತವ್ಯಯದಿಂದ ಎಂಬುದು ನನ್ನ ವಾದ. ಏನನ್ನೂ ಚೆಲ್ಲಬಾರದು ಎಂದು ಹಟ ಹಿಡಿದವರು ಒಂದು ಪಾತ್ರೆಯಿಂದ ಎರಡು ಅಡುಗೆ ತೆಗೆದರು, ಒಂದು ಕಾಳಿಗೆ ಏಳೆಂಟು ರೂಪ ಕೊಟ್ಟರು. ಅಂಗಡಿಯ ಚೀಟಿ ಉದ್ದವಾಗದೆಯೇ ಊಟದ ಎಲೆ ತುಂಬಿತು. ಈ ಮಾತಿಗೆ ಸಾಕ್ಷಿ ಹೇಳುವ ಅಡುಗೆಗಳು ನಮ್ಮ ಮನೆಗಳಲ್ಲಿ ಇಂದಿಗೂ ಕುದಿಯುತ್ತಿವೆ.

ಮೊದಲ ಸಾಕ್ಷಿ ಬಸ್ಸಾರು. ಹಳೆ ಮೈಸೂರು ಸೀಮೆಯಲ್ಲಿ ಅಲಸಂದೆಯನ್ನೋ ಹೆಸರುಕಾಳನ್ನೋ ಒಂದಿಷ್ಟು ದಂಟಿನ ಸೊಪ್ಪಿನ ಜತೆ ಉಪ್ಪು ಹಾಕಿ ಬೇಯಿಸಿ, ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದು ಬಂದ ಕಟ್ಟಿನಲ್ಲಿ ಕಾಳಿನ ಸತ್ವವೂ ಸೊಪ್ಪಿನ ಘಮವೂ ಇಳಿದಿರುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಹುಣಸೆಹಣ್ಣಿನ ಜತೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದುಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಒಂದೇ ಒಲೆ, ಒಂದೇ ಬೇಯುವಿಕೆ, ಮುದ್ದೆಯ ಪಕ್ಕಕ್ಕೆ ಎರಡು ರುಚಿ. ಇದರಲ್ಲಿ ನನಗೆ ಬಲು ಮೆಚ್ಚುಗೆಯಾಗುವುದು ರುಬ್ಬುವ ಹೊತ್ತಿನ ಒಂದು ಸಣ್ಣ ಜಾಣ್ಮೆ. ಬೆಂದ ಕಾಳು ಸೊಪ್ಪನ್ನೇ ಒಂದು ಸೌಟು ಮಸಾಲೆಗೆ ಸೇರಿಸಿ ರುಬ್ಬುತ್ತಾರೆ. ಸಾರು ಮಂದವಾಗುತ್ತದೆ, ತೆಂಗಿನಕಾಯಿ ಅರ್ಧ ಉಳಿಯುತ್ತದೆ. ಮಂಡ್ಯ, ಹಾಸನದ ಕಡೆಯ ಉಪ್ಸಾರು ಇನ್ನೂ ಸರಳ: ಬಸಿದ ಕಟ್ಟನ್ನು ಹೆಚ್ಚು ಕದಡದೆ ಹಾಗೆಯೇ ಬಿಟ್ಟು, ಮೆಣಸಿನಕಾಯಿ ಬೆಳ್ಳುಳ್ಳಿಯ ಖಾರವನ್ನು ಬೇರೆ ರುಬ್ಬಿ, ಊಟದ ತಟ್ಟೆಯಲ್ಲೇ ತಮಗೆ ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಸಾಮಾನು ಬಹುಮಟ್ಟಿಗೆ ಒಂದೇ, ಊಟ ಮಾತ್ರ ಬೇರೆಯೇ.

ಎರಡನೆಯ ಸಾಕ್ಷಿ ಕಾಳು ತಾಳುವ ರೂಪಗಳು. ತರಕಾರಿಯನ್ನು ಹೆಚ್ಚಬಹುದು, ಬೇಯಿಸಬಹುದು, ಬಾಡಿಸಬಹುದು. ಕಾಳನ್ನಾದರೋ ನೆನೆಸಬಹುದು, ಮೊಳಕೆ ಬರಿಸಬಹುದು, ಹಿತಕಬಹುದು, ಹುರಿಯಬಹುದು, ಒಡೆದು ಬೇಳೆ ಮಾಡಬಹುದು, ಬೀಸಿ ಹಿಟ್ಟು ಮಾಡಬಹುದು, ಬೇಯಿಸಿ ಬಸಿಯಬಹುದು. ಒಂದೊಂದು ಕ್ರಿಯೆಯೂ ಒಂದೊಂದು ರುಚಿಯ ಬಾಗಿಲು. ಹುರುಳಿಯನ್ನೇ ನೋಡಿ. ಬೇಯಿಸಿ ಬಸಿದು, ಕಟ್ಟನ್ನು ಕುದಿಸಿ ಮಂದ ಮಾಡಿದರೆ ಮಲೆನಾಡಿನ ಹುರುಳಿ ಕಟ್ಟು. ಮೊಳಕೆ ಬರಿಸಿದರೆ ಮುದ್ದೆಗೆ ಒಪ್ಪುವ ಮೊಳಕೆಕಾಳು ಸಾರು. ಘಮ್ಮೆನ್ನುವಂತೆ ಹುರಿದು ಕಾಯಿ, ಮೆಣಸಿನಕಾಯಿ, ಹುಣಸೆಯ ಜತೆ ರುಬ್ಬಿದರೆ ಚಟ್ನಿ, ಒಣಗಿಸಿಯೇ ಕುಟ್ಟಿದರೆ ತಿಂಗಳುಗಟ್ಟಲೆ ಕೆಡದ ಪುಡಿ. ಅಕ್ಕಿಯ ಜತೆ ನೆನೆಸಿ ರುಬ್ಬಿದರೆ ದೋಸೆ. ಹೆಸರಿನ ದಾರಿ ಬೇರೆ. ಅದರ ಬೇಳೆ ನೆನೆದರೆ ಸಾಕು, ಒಲೆಯನ್ನೇ ಕೇಳದೆ ಕೋಸಂಬರಿಯಾಗುತ್ತದೆ. ಬೆಂದರೆ ತೊವ್ವೆ, ಅಕ್ಕಿಯ ಜತೆ ಬೆಂದರೆ ಹುಗ್ಗಿ, ಬೆಲ್ಲ ಸೇರಿದರೆ ಪಾಯಸ. ಅವರೆಯ ಸೊಬಗಂತೂ ಚಳಿಗಾಲದ್ದು. ಹಗಲು ಚಿಕ್ಕದಾದಾಗ ಹೂಬಿಡುವ ನಾಟಿ ಅವರೆಯ ಸೊಗಡು ಮಾರುಕಟ್ಟೆಯ ಬೀದಿಗೆಲ್ಲ ಹರಡುತ್ತದೆ. ಕಾಳನ್ನು ಇರುಳೆಲ್ಲ ನೆನೆಸಿ ಸಿಪ್ಪೆಯಿಂದ ಹಿತಕಿ ತೆಗೆದ ಬೇಳೆಯ ನುಣುಪು, ಸಿಪ್ಪೆಸಹಿತ ಬೇಯಿಸಿದ ಕಾಳಿನಲ್ಲಿ ಇಲ್ಲ. ಹಿತಕುವುದಕ್ಕೆ ಬೇಕಾದದ್ದು ಕಾಸಲ್ಲ, ಬೆರಳುಗಳ ತಾಳ್ಮೆ.

ಊರು ಬದಲಾದ ಹಾಗೆ ಕಾಳಿನ ಜೊತೆಗಾರರೂ ಬದಲಾಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಮಗ್ಗುಲಿಗೆ ಮಡಕಿಕಾಳಿನ ಪಲ್ಯ, ಕಡಲೆಹಿಟ್ಟಿನ ಜುಣಕ. ಕರಾವಳಿಯಲ್ಲಿ ಕರಿಕಡಲೆಗೆ ಹುರಿದ ಕೊತ್ತಂಬರಿ, ತೆಂಗಿನಕಾಯಿ ಸೇರಿ ಗಸಿ, ತೊಂಡೆಕಾಯಿ ಸೇರಿ ಕಡ್ಲೆ ಮನೋಳಿ. ಈ ಪಯಣ ಇಂದಿನದಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಯಾದ ಹುರುಳಿ, ಹೆಸರುಕಾಳುಗಳು ದೊರೆತಿವೆ. ಸುಮಾರು 4000 ವರ್ಷಗಳ ಹಿಂದೆ ಈ ನೆಲದ ಜನ ಕಿರುಧಾನ್ಯದ ಜತೆ ಉಣ್ಣುತ್ತಿದ್ದದ್ದು ಇವನ್ನೇ. ಅಷ್ಟು ಕಾಲ ಒಂದೇ ಕಾಳನ್ನು ಬೇಸರವಿಲ್ಲದೆ ಉಣ್ಣಬೇಕಾದರೆ ಅದನ್ನು ಬೇರೆ ಬೇರೆ ಬಗೆಯಲ್ಲಿ ಮಾಡುವುದನ್ನು ಕಲಿಯದೆ ಗತಿಯಿಲ್ಲ.

ಅಗ್ಗದ ಊಟ ಹೊಟ್ಟೆ ತುಂಬೀತು, ಮೈಗೆ ಹತ್ತೀತೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ನೂರು ಗ್ರಾಂ ಒಣಕಾಳಿನಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇರುತ್ತದೆ. ಕಾಲು ಕಿಲೋ ಕಾಳು ನೆನೆದರೆ ಎರಡರಷ್ಟು ತೂಗುತ್ತದೆ, ನಾಲ್ವರ ಊಟಕ್ಕೆ ಧಾರಾಳವಾಗುತ್ತದೆ. ಒಬ್ಬೊಬ್ಬರ ಪಾಲಿಗೆ 12ರಿಂದ 15 ಗ್ರಾಂ ಪ್ರೋಟೀನ್ ಬಂತು, ಅಂದರೆ ಎರಡು ಕೋಳಿಮೊಟ್ಟೆಯಷ್ಟು. ಕಾಳಿನ ಪ್ರೋಟೀನ್ ಅಪೂರ್ಣ ಎಂದು ಆಕ್ಷೇಪಿಸುವವರಿದ್ದಾರೆ. ಕಾಳನ್ನು ಒಂಟಿಯಾಗಿ ತೂಗಿದರೆ ಆ ಮಾತು ನಿಜ. ಪ್ರೋಟೀನನ್ನು ಕಟ್ಟುವ ಅಮೈನೊ ಆಮ್ಲಗಳ ಪೈಕಿ ಕಾಳಿನಲ್ಲಿ ಲೈಸಿನ್ ಹೆಚ್ಚು, ಮೆಥಿಯೊನಿನ್ ಕಡಿಮೆ. ಧಾನ್ಯಗಳಲ್ಲಿ ಲೈಸಿನ್ನಿನದೇ ಕೊರತೆ. ಆದರೆ ನಮ್ಮಲ್ಲಿ ಯಾರೂ ಕಾಳನ್ನು ಒಂಟಿಯಾಗಿ ಉಣ್ಣುವುದಿಲ್ಲ. ಮುದ್ದೆ, ರೊಟ್ಟಿ, ಅನ್ನದ ಜತೆ ಉಣ್ಣುತ್ತೇವೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತಟ್ಟೆಯ ಈ ಕೂಡಾಟ ಹೊಲದಲ್ಲೇ ಶುರುವಾಗುತ್ತದೆ. ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುವ ಪದ್ಧತಿ ಹಳೆಯದು. ಕಾಳಿನ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆ, ಮಣ್ಣಿಗೂ ಒಂದು ಪಾಲು ಉಳಿಯುತ್ತದೆ. ಕೊಂಡ ಗೊಬ್ಬರ ಕಡಿಮೆ ಬೇಡುವ ಬೆಳೆಯೇ ಮಿತವ್ಯಯದ ಅಡುಗೆಗೂ ಒದಗಿಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಎಲ್ಲ ಸರಿ, ಕಾಳು ಬೇಯಿಸುತ್ತ ಕೂರಲು ಸಮಯವೆಲ್ಲಿದೆ, ಉಳಿಸಿದ ಹಣ ಗ್ಯಾಸಿಗೇ ಹೋಗುವುದಿಲ್ಲವೇ ಎಂಬುದು ಮುಂದಿನ ಆಕ್ಷೇಪ. ಇದು ದುಡಿಯುವವರ ಮನೆಯಿಂದ ಬರುವ ನ್ಯಾಯವಾದ ಪ್ರಶ್ನೆ. ಕಾಳು ಬೇಡುವುದು ಗಡಿಯಾರದ ಸಮಯವನ್ನು, ನಮ್ಮ ಕೈಗಳದ್ದನ್ನಲ್ಲ. ರಾತ್ರಿ ಮಲಗುವ ಮುನ್ನ ನೀರಿಗೆ ಹಾಕುವುದಕ್ಕೆ ಎರಡು ನಿಮಿಷ ಸಾಕು, ಉಳಿದ ಕೆಲಸ ಇರುಳಿನದು. ನೆನೆಯುವ ನೀರಿಗೆ ಚಿಟಿಕೆ ಉಪ್ಪು ಬಿದ್ದರೆ ಒಳ್ಳೆಯದು. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿ ಬಿಗಿದುಕೊಂಡ ಕ್ಯಾಲ್ಸಿಯಂನ ಜಾಗ ಹಿಡಿದು ಅದನ್ನು ಮೆತ್ತಗಾಗಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ತಡವಾಗಿ ಬೇಯುವುದಕ್ಕೆ ಕಾರಣವೂ ಆ ಕ್ಯಾಲ್ಸಿಯಮ್ಮೇ. ಹುಳಿಯೂ ಕಾಳನ್ನು ಮೆತ್ತಗಾಗಗೊಡುವುದಿಲ್ಲ. ಆದ್ದರಿಂದ ಹುಣಸೆ, ಟೊಮೆಟೊ ಕಾಳು ಬೆಂದ ಮೇಲೆಯೇ ಪಾತ್ರೆಗಿಳಿಯಬೇಕು. ಮೊದಲು ಬೇಯಿಸಿ ಬಸಿ, ಆಮೇಲೆ ಮಸಾಲೆ ಕೂಡಿಸು ಎನ್ನುವ ಬಸ್ಸಾರಿನ ಕ್ರಮ ಈ ರಸಾಯನಕ್ಕೆ ತಕ್ಕ ಹಾಗೆಯೇ ಇದೆ. ಅಡುಗೆಸೋಡಾ ಹಾಕಿದರೆ ಬೇಗ ಬೆಂದೀತು, ಆದರೆ ಥಯಮಿನ್ ಎಂಬ ಜೀವಸತ್ವ ನಾಶವಾಗುತ್ತದೆ, ರುಚಿಯೂ ಕೆಡುತ್ತದೆ. ಚೆನ್ನಾಗಿ ನೆನೆದ ಕಾಳಿಗೆ ಕುಕ್ಕರಿನ ಕೆಲವು ಕೂಗೇ ಸಾಕು, ಗ್ಯಾಸು ಹೆಚ್ಚು ಉರಿಯುವುದಿಲ್ಲ. ಎರಡು ದಿನದ ಕಾಳನ್ನು ಒಟ್ಟಿಗೆ ಬೇಯಿಸಿ, ಅರ್ಧವನ್ನು ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನ ಉಸಲಿಗೆ ಬೇಕಾದದ್ದು ಒಗ್ಗರಣೆ ಒಂದೇ. ರಾಜ್ಮಾ ಒಂದರ ವಿಷಯದಲ್ಲಿ ಅವಸರ ಕೂಡದು. ಹಸಿ ರಾಜ್ಮಾದಲ್ಲಿರುವ ನಂಜಿನ ಅಂಶ ಹೋಗಬೇಕಾದರೆ ಅದು ಕನಿಷ್ಠ 10 ನಿಮಿಷ ಮರಳಿ ಕುದಿದು, ಪೂರ್ತಿ ಬೇಯಬೇಕು.

ಹೊಟ್ಟೆಯುಬ್ಬರ ಎಂದು ಕಾಳನ್ನು ದೂರವಿಡುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಕಾಳಿನಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಾಣುಗಳು ಹುದುಗಿಸುತ್ತವೆ, ಗಾಳಿ ಹುಟ್ಟುತ್ತದೆ. ನೆನೆಸಿದ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳಲ್ಲಿ ಒಂದು ಭಾಗ ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು ಕರಗುತ್ತದೆ. ಹಾಗಾದರೆ ಏನನ್ನೂ ಚೆಲ್ಲಬಾರದೆಂಬ ಮಾತು ಎಲ್ಲಿ ಹೋಯಿತು ಎಂದು ಕೇಳಬಹುದು. ಚೆಲ್ಲಬೇಕಾದದ್ದು ನೆನೆಸಿದ ನೀರು, ಉಳಿಸಿಕೊಳ್ಳಬೇಕಾದದ್ದು ಬೇಯಿಸಿದ ನೀರು. ಹೊಟ್ಟೆ ಸೂಕ್ಷ್ಮವಾಗಿರುವವರು ಹೆಸರಿನಿಂದ ಶುರುಮಾಡಿ, ಮೊಳಕೆಕಾಳಿಗೆ ಬಂದು, ಆಮೇಲೆ ಅಲಸಂದೆ, ಕಡಲೆಯತ್ತ ಹೋದರೆ ಕರುಳೂ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಮೂತ್ರಪಿಂಡದ ತೊಂದರೆಯಿಂದ ಪಥ್ಯದಲ್ಲಿರುವವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿ ಉಣ್ಣಬೇಕು.

ಬೇಳೆಕಾಳೂ ಈಗ ಅಗ್ಗವಲ್ಲ ಎನ್ನುವುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. 2015ರಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿ ದೇಶವೇ ಕಂಗೆಟ್ಟಿತ್ತು. ಆ ವರ್ಷ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿಗೊಳಿಸುತ್ತದೆ. ಅಂದಿನ ಸಂಕಟದ ದೊಡ್ಡ ಪಾಲು ಸಾರು, ಹುಳಿ, ತೊವ್ವೆ ಎಲ್ಲದಕ್ಕೂ ಒಂದೇ ಬೇಳೆಯನ್ನು ನೆಚ್ಚಿಕೊಂಡ ಅಡುಗೆಮನೆಗಳದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದರ ರುಚಿಗೆ ಆ ಗೌರವ ಸಲ್ಲಬೇಕಾದದ್ದೇ. ಹಾಗೆಂದು ವಾರದ ಏಳು ದಿನವೂ ಅದೊಂದನ್ನೇ ಬೇಯಿಸಬೇಕೆಂದಿಲ್ಲ. ಎಲ್ಲ ಕಾಳುಗಳ ಬೆಲೆ ಒಂದೇ ಹೊತ್ತಿಗೆ ಒಂದೇ ಸಮ ಏರುವುದು ಅಪರೂಪ. ಹುರುಳಿ, ಅಲಸಂದೆ, ಮಡಕೆ, ಕಡಲೆ, ಬಟಾಣಿ, ಹೆಸರು ಇವಿಷ್ಟನ್ನೂ ಬಳಸಬಲ್ಲ ಮನೆ, ಆಯಾ ತಿಂಗಳು ಅಗ್ಗವಾದದ್ದನ್ನು ಆರಿಸಿಕೊಳ್ಳಬಲ್ಲದು. ಅಡುಗೆ ಬಗೆಬಗೆಯಾಗಿರುವುದು ಇಲ್ಲಿ ನಾಲಿಗೆಯ ಸುಖವಷ್ಟೇ ಅಲ್ಲ, ಬೆಲೆಯೇರಿಕೆಯ ಎದುರು ಒಂದು ರಕ್ಷಣೆಯೂ ಹೌದು.

ಕೊನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಬಹಳ: ಕಾಳು ಬಡವರ ಊಟ, ಹುರುಳಿಯಂತೂ ಕುದುರೆಯ ಮೇವು, ನೆಂಟರಿಗೆ ಬಡಿಸುವಂಥದ್ದಲ್ಲ. ಈ ಅಳುಕಿಗೆ ಯುಗಾದಿಯ ಅಡುಗೆಮನೆಯೇ ಉತ್ತರ. ಹಬ್ಬದ ದಿನ ಬೇಳೆ ಬೇಯಿಸಿ ಬಸಿದು, ಬೇಳೆಗೆ ಬೆಲ್ಲ ಕೂಡಿಸಿ ಹೂರಣ ಅರೆಯುತ್ತಾರೆ. ಬಸಿದ ಕಟ್ಟಿಗೆ ಒಂದಿಷ್ಟು ಹೂರಣವನ್ನೇ ಕದಡಿ, ಮಸಾಲೆ ಹಾಕಿ ಒಬ್ಬಟ್ಟಿನ ಸಾರು ಮಾಡುತ್ತಾರೆ. ಇದು ಬಸ್ಸಾರಿನದೇ ಯುಕ್ತಿ. ವರ್ಷದ ಮೊದಲ ಹಬ್ಬದಲ್ಲಿ, ಉಳ್ಳವರ ಮನೆಯಲ್ಲಿ, ನೆಂಟರು ಎರಡನೆಯ ಸಲ ಬಡಿಸಿಕೊಂಡು ಉಣ್ಣುವ ಸಾರು ಬಸಿದ ನೀರಿನಿಂದ ಆದದ್ದು. ಮಿತವ್ಯಯವನ್ನು ಬಡತನದ ಗುರುತೆಂದು ತಿಳಿದಿದ್ದರೆ ಈ ಸಾರು ಹಬ್ಬದ ಎಲೆಗೆ ಬರುತ್ತಲೇ ಇರಲಿಲ್ಲ. ಇರುವುದರ ಸತ್ವವನ್ನೆಲ್ಲ ಹೊರತೆಗೆಯುವುದು ಕೌಶಲ, ಕೌಶಲಕ್ಕೆ ಸಿರಿತನ ಬಡತನಗಳ ಹಂಗಿಲ್ಲ.

ಪೋಷಣೆಯ ತಿಳಿವೂ ಈಗ ಇದೇ ದಿಕ್ಕಿಗೆ ಬೆರಳು ತೋರಿಸುತ್ತಿದೆ. ವಿಶ್ವಸಂಸ್ಥೆ 2016ನ್ನು ಬೇಳೆಕಾಳುಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು, ಫೆಬ್ರವರಿ 10ನ್ನು ಅವುಗಳ ದಿನವನ್ನಾಗಿ ಗುರುತಿಸಿತು. ಇಂಥ ದಿನಾಚರಣೆಗಳಿಗಿಂತ ಹೆಚ್ಚು ಕೆಲಸ ಮಾಡಬಲ್ಲದ್ದು ನಮ್ಮ ದಿನಸಿ ಚೀಟಿ. ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ತಿಂಗಳು ತೊಗರಿಬೇಳೆಯನ್ನು ಒಂದು ಕಿಲೋ ಕಡಿಮೆ ಬರೆಯಿರಿ. ಅದರ ಜಾಗದಲ್ಲಿ ಹುರುಳಿ, ಮಡಕೆ, ಅಲಸಂದೆ, ಕರಿಕಡಲೆ ಒಂದೊಂದು ಕಾಲು ಕಿಲೋ ತನ್ನಿ. ವಾರಕ್ಕೊಂದು ಕಾಳಿನಂತೆ ನಾಲ್ಕು ವಾರ, ಒಂದೊಂದನ್ನೂ ಎರಡು ಬಗೆಯಲ್ಲಿ ಮಾಡಿ ಉಣ್ಣಿ. ಖರ್ಚನ್ನೂ ರುಚಿಯನ್ನೂ ನೀವೇ ತೂಗಿ ನೋಡಿ, ಮುಂದಿನ ತಿಂಗಳ ಚೀಟಿ ಹೇಗಿರಬೇಕೆಂದು ಆಮೇಲೆ ತೀರ್ಮಾನಿಸಿ.