ಅಜ್ಜನ ಪ್ಲೇಯರಿಗೊಂದು ಡಿಸ್ಕು

ಸಾಫ್ಟ್‌ವೇರಿನಲ್ಲಿದ್ದಾನೆ ಅಂದರೆ ಊರಿನವರ ಲೆಕ್ಕದಲ್ಲಿ ಅವನಿಗೆ ಬಾರದ ರಿಪೇರಿ ಇಲ್ಲ. ಹಾಗಾಗಿ ಮಾವ ತಮ್ಮ ಹಳೇ ಕ್ಯಾಮ್‌ಕಾರ್ಡರನ್ನೂ ಐದು ಮಿನಿ ಡಿವಿ ಟೇಪುಗಳನ್ನೂ ತಂದು ನನ್ನ ಬ್ಯಾಗಿಗೆ ಹಾಕಿದಾಗ ಆಶ್ಚರ್ಯವೇನೂ ಆಗಲಿಲ್ಲ. ಚಿಕ್ಕಮ್ಮನ ಮದುವೆ, ಗೃಹಪ್ರವೇಶ, ಯಾರದೋ ನಾಮಕರಣ. ಒಂದರಲ್ಲಿ ಮಾತ್ರ ಅಜ್ಜಿ. ಅಜ್ಜಿ ಹೋಗಿ ಎರಡು ವರ್ಷವಾಯ್ತು. ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿದರೆ ಆ ದನಿಯೂ ಹೋದಂತೆ.

ಅಜ್ಜನದು ಒಂದೇ ಷರತ್ತು. ‘ನಿನ್ನ ಲ್ಯಾಪ್‌ಟಾಪಲ್ಲಿ ಬೇಡ ಮಾರಾಯ. ನೀವ್ಯಾರೂ ಇಲ್ದಾಗ ನಾನೇ ಹಾಕ್ಕೊಂಡು ನೋಡೋ ಹಂಗೆ ಮಾಡಿಕೊಡು.’

ಟೇಪಿಗೆ ಶಾರ್ಟ್‌ಕಟ್ ಇಲ್ಲ. ಫೈರ್‌ವೈರ್ ಕೇಬಲ್ ಸಿಕ್ಕಿಸಿದರೆ ಒಂದು ಗಂಟೆಯ ಟೇಪು ಒಂದು ಗಂಟೆಯೇ ಓಡಬೇಕು. ಕೊನೆಗೆ 13 ಜಿಬಿಯಷ್ಟು ದೊಡ್ಡ ಫೈಲು. ಅದನ್ನೇ ಎಳೆದು ಡಿಸ್ಕಿಗೆ ಹಾಕಿದರೆ ಕಂಪ್ಯೂಟರಿನಲ್ಲಿ ಓಡತ್ತೆ, ಟೀವಿ ಕೆಳಗಿನ ಸಾದಾ ಪ್ಲೇಯರು ಮೂಸಿಯೂ ನೋಡಲ್ಲ. ಅದಕ್ಕೆ ಬೇಕಾದ್ದು ಎಂಪೆಗ್-2: ನಮ್ಮ ಪಾಲ್ ಪದ್ಧತಿಯಲ್ಲಿ 720×576, ಸೆಕೆಂಡಿಗೆ 25 ಚಿತ್ರ. ಅದೂ ಆಥರಿಂಗ್ ಸಾಫ್ಟ್‌ವೇರಿನಲ್ಲಿ ಹಾದು, ವಿಡಿಯೋ_ಟಿಎಸ್ ಅನ್ನೋ ಫೋಲ್ಡರಿನಲ್ಲಿ ವಿಒಬಿ, ಐಎಫ್‌ಒ ಫೈಲುಗಳಾಗಿ ಶಿಸ್ತಾಗಿ ಕೂತಿರಬೇಕು.

4.7 ಜಿಬಿ ಡಿಸ್ಕಿಗೆ ಒಂದು ಗಂಟೆ, ಹೆಚ್ಚೆಂದರೆ ಎರಡು. ಪೇಟೆಯ ಸ್ಟುಡಿಯೋ ಒಂದರವರು ಹಿಂದೆ ನಾಲ್ಕೂವರೆ ಗಂಟೆಯ ಮದುವೆಯನ್ನು ಒಂದರಲ್ಲೇ ತುರುಕಿ ಕೊಟ್ಟಿದ್ದರು. ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳ ಮುಖವೆಲ್ಲ ಚೌಕ ಚೌಕ!

ಕೆಲವರು ಇಂಥದ್ದಕ್ಕೆಲ್ಲ ಹಿನ್ನೆಲೆಯಲ್ಲಿ ಕೊಳಲು ಹಾಕಿ, ಹೃದಯದ ಆಕಾರದ ಫ್ರೇಮು ಕೂರಿಸ್ತಾರೆ. ನಾನು ಕತ್ತರಿಯನ್ನೇ ಮುಟ್ಟಲಿಲ್ಲ. ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕ್ತಿದ್ದಾರೆ. ಕ್ಯಾಮೆರಾ ನೋಡಿದ್ದೇ, ‘ಅದನ್ನ ಅತ್ಲಾಗಿಟ್ಟು ಈ ಚಾಪೆ ತುದಿ ಹಿಡಿಯೋ’ ಅಂತ ಮಾವನಿಗೆ ಗದರಿಕೆ. ಆಮೇಲೆ ಚಿತ್ರ ವಾಲುತ್ತೆ, ಬರೀ ಮಣ್ಣಿನ ನೆಲ, ದನಿ ಮಾತ್ರ ಕೇಳತ್ತೆ. ಯಾವ ಎಡಿಟರ್ ಆದರೂ ಕತ್ತರಿಸಿ ಬಿಸಾಕುವ ಜಾಗ ಅದು. ನಾನು ಮೂರು ಸಲ ನೋಡಿದೆ.

ಮೆನು ಇಡಲಿಲ್ಲ, ಬಾಣದ ಗುರುತು ಒತ್ತಿ ಆರಿಸುವ ರಗಳೆ ಅಜ್ಜನಿಗೆ ಯಾಕೆ? ಡಿಸ್ಕ್ ಹಾಕಿದ ಕೂಡಲೇ ಶುರು. ಹಪ್ಪಳದ ಹತ್ತಿರ ಒಂದು ಚಾಪ್ಟರ್ ಗುರುತು ಹಾಕಿದೆ, ನೆಕ್ಸ್ಟ್ ಒಂದು ಸಲ ಒತ್ತಿದರೆ ಅಲ್ಲಿಗೇ ಹೋಗುವ ಹಾಗೆ. ಹಳೇ ಪ್ಲೇಯರುಗಳಿಗೆ ಆರ್‌ಡಬ್ಲ್ಯೂ ಡಿಸ್ಕಿನ ಮೇಲೆ ಸಿಟ್ಟು ಜಾಸ್ತಿ, ಅದಕ್ಕೇ ಡಿವಿಡಿ-ಆರ್. ನಿಧಾನದ ವೇಗದಲ್ಲಿ ಬರ್ನ್ ಮಾಡಿ, ಫೈನಲೈಸ್ ಮಾಡಿ, ಸ್ಟಿಕ್ಕರ್ ಅಂಟಿಸದೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದೆ. ಎರಡು ಪ್ರತಿ. ಮೂಲದ 13 ಜಿಬಿ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇದೆ. ಎಂಪೆಗ್-2 ಮಾಡುವಾಗ ಕಳಕೊಂಡ ವಿವರ ಮತ್ತೆ ವಾಪಸು ಬರಲ್ಲ ನೋಡಿ.

ಕೊರಿಯರ್ ಮುಟ್ಟಿದ ಮರುದಿನ ಅಜ್ಜನ ಫೋನು. ‘ಓಡ್ತದೆ. ಆದ್ರೆ ಅವಳು ಬೈದು ಮುಗಿಸಿದ ಕೂಡ್ಲೇ ನಾಮಕರಣ ಬರ್ತದಲ್ಲ ಮಾರಾಯ. ಅಲ್ಲೇ ಇರೋ ಹಂಗೆ ಮಾಡಕ್ಕಾಗಲ್ವ?’

ರಿಮೋಟಿನಲ್ಲಿ ರಿಪೀಟ್ ಅಂತ ಒಂದು ಗುಂಡಿ ಇದೆ, ಪರದೆಯ ಮೇಲೆ ಚಾಪ್ಟರ್ ಅಂತ ಬರುವವರೆಗೆ ಒತ್ತಿ ಅಂದೆ.

‘ಇರು, ಪೆನ್ನು ತರ್ತೀನಿ’ ಅಂದರು.