ಸೂರ್ಯ ಮುಳುಗದ ಊರಿಗೊಂದು ಯಾದಿ

ನನ್ನ ಕಪಾಟಿನಲ್ಲಿ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಒಂದಿದೆ. ರಟ್ಟಿನ ಮೇಲೆ ನೀಲಿ ಮಸಿಯಲ್ಲಿ ‘ಸ್ವಾಲ್ಬಾರ್ಡ್’ ಎಂದು ಬರೆದಿದ್ದೇನೆ. ಎಡಗಡೆ ಪುಟಕ್ಕೆ ಖರ್ಚು, ಬಲಗಡೆ ಪುಟಕ್ಕೆ ದಿನಚರಿ. ರಾತ್ರಿ ಊಟವಾಗಿ ಮನೆಯವರೆಲ್ಲ ಧಾರಾವಾಹಿಯ ಮುಂದೆ ಕೂತರೆ ನಾನು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಮಗಳ ಹಳೆಯ ಅಟ್ಲಾಸನ್ನು ತೊಡೆಯ ಮೇಲಿಟ್ಟುಕೊಂಡು, ಸಂಪಗಾಂವದಿಂದ ಉತ್ತರ ಧ್ರುವದ ಕಡೆಗೆ ಹೊರಡುತ್ತೇನೆ. ಮೂರು ವರ್ಷದಿಂದ ಹೀಗೇ ಹೊರಡುತ್ತಿದ್ದೇನೆ.

ಪ್ರವಾಸ ಮಾಡುವುದು ಒಂದು ಸುಖ, ಅದರ ಯಾದಿ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಕಾಲು ನೋಯುವುದಿಲ್ಲ. ಈ ಚಟ ನನಗೆ ಅಪ್ಪನಿಂದ ಬಂದದ್ದು. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಬೇಕೆಂದರೆ ಅವನ ಯಾದಿ ತಿಂಗಳ ಮೊದಲೇ ಶುರುವಾಗುತ್ತಿತ್ತು. ಎತ್ತಿಗೆ ಕಣಕಿ ಎಷ್ಟು ಸೂಡು, ಹತ್ತಿಕಾಳು ಎಷ್ಟು ಸೇರು, ಎಲ್ಲಿ ಎತ್ತು ಬಿಡಬೇಕು, ಯಾವ ಹೊತ್ತಿಗೆ ಜೋಗುಳಬಾವಿ ಮುಟ್ಟಬೇಕು, ಎಲ್ಲವೂ ಅದರಲ್ಲಿ ಇರಬೇಕು. ಒಂದು ವರ್ಷ ಕೀಲೆಣ್ಣೆ ಬರೆಯುವುದನ್ನು ಮರೆತ. ಗಾಲಿಗಳು ಗುಡ್ಡದ ತನಕ ಕಿರ್ರೋ ಎಂದು ಅಳುತ್ತ ಬಂದವು, ಹಿಂದೆ ಮುಂದೆ ಇದ್ದ ಚಕ್ಕಡಿಯವರೆಲ್ಲ ನಕ್ಕರು. ಮರುವರ್ಷದಿಂದ ಯಾದಿಯ ಮೊದಲ ಸಾಲು ಕೀಲೆಣ್ಣೆ. ನನ್ನ ಸ್ವಾಲ್ಬಾರ್ಡಿನ ಯಾದಿಯ ಮೊದಲ ಸಾಲೂ ಅದೇ, ಶಾಸ್ತ್ರಕ್ಕೆ.

ಊರುಗಳಿಗೇನು ಬರವೇ? ಹೆಂಡತಿಯ ತಕರಾರೂ ಅದೇ. “ಹತ್ತ ವರ್ಷಾತು, ಗೋಕರ್ಣಕ್ಕ ಕರಕೊಂಡ ಹೋಗ್ತೀನಿ ಅಂತ ಹೇಳಾಕತ್ತು. ಈಗ ನೋಡಿದ್ರ ಬರ್ಫಿನ ಊರಿಗೆ ಹೊಂಟೀರಿ.” ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ನಾನು ಬರ್ಫು ನೋಡಲು ಹೊರಟವನಲ್ಲ, ಹಗೇವು ನೋಡಲು ಹೊರಟವನು.

ನಮ್ಮ ಮನೆಯ ಮುಂದೆ ಒಂದು ಹಗೇವು ಇತ್ತು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ತಳಕ್ಕೂ ಗೋಡೆಗೂ ಒಣ ಹುಲ್ಲು ಹಾಸಿ ಜೋಳ ಸುರಿದು, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಬರ ಬಂದಾಗಲೇ ಅದರ ನೆನಪು. ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಜೀವ ತೆಗೆಯುತ್ತದೆ. ಅಪ್ಪ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಇನ್ನೂ ಕಾಯಬೇಕು. ಉರಿಯುತ್ತಿದ್ದರೆ ಇಳಿಯಬಹುದು. ಆ ಬಾಯಿಂದ ಏಳುತ್ತಿದ್ದ ಬೆಚ್ಚನೆಯ, ಹುಳಿಹುಳಿ ಮುಗ್ಗಲು ವಾಸನೆ ನನ್ನ ಮೂಗಿನಲ್ಲಿ ಇಂದಿಗೂ ಇದೆ.

ಜಗತ್ತಿನ ಹಗೇವು ಇರುವುದು ಸ್ವಾಲ್ಬಾರ್ಡಿನಲ್ಲಿ. ನಾರ್ವೆಗೆ ಸೇರಿದ ಈ ದ್ವೀಪಗಳ ಮುಖ್ಯ ಊರು ಲಾಂಗ್‌ಇಯರ್‌ಬೀನ್; ಅದರ ಹತ್ತಿರದ ಗುಡ್ಡದ ಹೊಟ್ಟೆ ಕೊರೆದು 2008ರ ಫೆಬ್ರುವರಿಯಲ್ಲಿ ಬೀಜಭಂಡಾರ ತೆರೆದರು. ವರ್ಷವಿಡೀ ಕರಗದ ನೆಲದೊಳಗೆ, ಇನ್ನಷ್ಟು ತಂಪು ಮಾಡಿ, ಮೈನಸ್ 18 ಡಿಗ್ರಿಯಲ್ಲಿ ದೇಶದೇಶದ ಬೀಜ ಇಟ್ಟಿದ್ದಾರೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ಅಲ್ಲಿಗೆ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಕಳಿಸಿದೆ. ಪೆಟ್ಟಿಗೆ ಇಟ್ಟವರದೇ, ಬೇರೆಯವರು ತೆರೆಯುವಂತಿಲ್ಲ. ಬರ ಬಂದಾಗ ನಾವು ಹಗೇವಿನ ಚಪ್ಪಡಿ ಎಳೆಯುತ್ತಿದ್ದಂತೆ ಅಲ್ಲಿಯೂ ಒಮ್ಮೆ ಎಳೆದರು: ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ತನ್ನ ಬೀಜಸಂಗ್ರಹ ಕೈತಪ್ಪಿದ ಸಂಸ್ಥೆಯೊಂದು 2015ರಲ್ಲಿ ತಾನಿಟ್ಟ ಬೀಜವನ್ನು ವಾಪಸು ತರಿಸಿಕೊಂಡಿತು. ಇದನ್ನು ಓದಿದ ರಾತ್ರಿಯೇ ನೋಟ್‌ಬುಕ್ ಕೊಂಡದ್ದು. ಜೋಳ ನಮಗಿಂತ ಮೊದಲೇ ಹೋಗಿ ಕೂತಿದೆಯಲ್ಲ! ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಗುಡ್ಡದಿಂದ ಚಾಚಿದ ಕಾಂಕ್ರೀಟಿನ ಬಾಗಿಲನ್ನಷ್ಟೇ ನೋಡಿ ಬರಬೇಕು. ಎಲ್ಲಮ್ಮನ ಜಾತ್ರೆಯ ನೂಕುನುಗ್ಗಲಲ್ಲಿ ಎಷ್ಟು ಸಲ ಶಿಖರಕ್ಕೇ ಕೈಮುಗಿದು ಬಂದಿಲ್ಲ?

ಯಾವ ತಿಂಗಳು ಹೋಗಬೇಕೆಂಬುದಕ್ಕೇ ಹದಿನಾಲ್ಕು ಪುಟ ಖರ್ಚಾಗಿವೆ. ನಮ್ಮ ತಾಲೂಕಿನ ಊರು ಬೈಲಹೊಂಗಲ 16 ಡಿಗ್ರಿ ಅಕ್ಷಾಂಶಕ್ಕಿಂತ ತುಸು ಕೆಳಗೆ, ಲಾಂಗ್‌ಇಯರ್‌ಬೀನ್ 78ರ ಮೇಲೆ. ಅಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಫೆಬ್ರುವರಿ ತನಕ ಮುಖ ತೋರಿಸುವುದಿಲ್ಲ. ಆಕಾಶದಲ್ಲಿ ಹಸಿರು ಬೆಳಕಿನ ಸೆರಗು ಹಾರುವುದನ್ನು ನೋಡಬೇಕಾದರೆ ಆಗಲೇ ಹೋಗಬೇಕು. ಆದರೆ ಕತ್ತಲಲ್ಲಿ ಹಿಮದ ಗುಡ್ಡ ಕಾಣುವುದಿಲ್ಲ. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಾನು ಜುಲೈ ಎಂದು ಬರೆದೆ. ಆಗ ಅಲ್ಲಿ ಆರೇಳು ಡಿಗ್ರಿ, ಎರಡು ಕಂಬಳಿಯ ಚಳಿ.

ಇಲ್ಲೊಂದು ತೊಡಕು ಬಂತು. ಯಾದಿ ಓದಿ ಹೇಳುವಾಗ ಅವ್ವ ನಡುವೆ ಬಾಯಿ ಹಾಕಿದಳು: “ತಮ್ಮಾ, ಹೊತ್ತ ಮುಣಗೂದs ಇಲ್ಲಂದ್ರ ದೇವರ ಮುಂದ ದೀಪ ಯಾವಾಗ ಹಚ್ಚೂದು?” ಅಟ್ಲಾಸಿನಲ್ಲಿ ಇದಕ್ಕೆ ಉತ್ತರವಿಲ್ಲ. ಕೊನೆಗೆ ಅವಳೇ ಹೇಳಿದಳು, “ನಮ್ಮೂರಾಗ ಹಚ್ಚೂ ಹೊತ್ತಿಗೆ ಹಚ್ಚಿದ್ರಾತಪಾ.” ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ಬಲಗಡೆ ಪುಟದಲ್ಲಿ ಬರೆದುಕೊಂಡೆ: ಮಧ್ಯಾಹ್ನ ಮೂರೂವರೆ, ದೀಪ.

ಬುತ್ತಿಯ ಪುಟ ಹೆಂಡತಿಯದು. ತಕರಾರು ಎಷ್ಟೇ ಇರಲಿ, ಬುತ್ತಿಯನ್ನು ಬೇರೆಯವರ ಕೈಗೆ ಬಿಡುವವಳಲ್ಲ. ಕಟಕ ರೊಟ್ಟಿ ಅರವತ್ತು, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಶೇಂಗಾ ಹೋಳಿಗೆ, ಧಾರವಾಡ ಪೇಡೆ. ಪೇಡೆಯನ್ನು ನಾನು ಹೊಡೆದುಹಾಕಿದೆ. ಯುರೋಪಿನ ಹೊರಗಿನಿಂದ ಬರುವವರು ನಾರ್ವೆಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಮರುದಿನ ನೋಡಿದರೆ ಪೇಡೆ ಮತ್ತೆ ಯಾದಿಯಲ್ಲಿತ್ತು, ಈ ಸಲ ಕೆಂಪು ಮಸಿಯಲ್ಲಿ.

ಅವಳಿಗೆ ಆ ಊರಿನ ಒಂದೇ ಒಂದು ಸಂಗತಿ ಹಿಡಿಸಿದೆ. ಅಲ್ಲಿ ಹೊಟೇಲು, ಮ್ಯೂಸಿಯಂಗಳಲ್ಲೂ ಬಾಗಿಲಲ್ಲೇ ಬೂಟು ಕಳಚಿ ಒಳಗೆ ಹೋಗುವ ರೂಢಿಯಿದೆ. ಕಲ್ಲಿದ್ದಲ ಗಣಿಯ ಊರಾಗಿದ್ದರಿಂದ ಕಾಲಿನ ಕರಿ ಒಳಗೆ ಬರಬಾರದೆಂದು ಶುರುವಾದದ್ದು. “ಮಂದಿ ಶಾಣ್ಯಾರದಾರ” ಎಂದಳು. ಬೆಕ್ಕು ಸಾಕುವಂತಿಲ್ಲ, ಹಕ್ಕಿಗಳಿಗೆ ಅಪಾಯ ಎಂದದ್ದಕ್ಕೆ ಮಾತ್ರ ಮುಖ ಗಂಟಿಕ್ಕಿದಳು. ಊರು ದಾಟಿದರೆ ಹಿಮಕರಡಿಗಳ ರಾಜ್ಯ, ಬಂದೂಕಿನ ಗೈಡ್ ಜೊತೆಗೇ ಹೋಗಬೇಕು ಎಂಬುದನ್ನು ನಾನಿನ್ನೂ ಅವ್ವನಿಗೆ ಓದಿ ಹೇಳಿಲ್ಲ.

ಒಂದು ದಿನ ದೋಣಿಯಲ್ಲಿ ಸ್ವಾಲ್ಬಾರ್ಡಿನದೇ ಇನ್ನೊಂದು ಊರಾದ ನೀ-ಓಲೆಸುಂದ್‌ಗೆ ಇಟ್ಟಿದ್ದೇನೆ. ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರ ಜುಲೈ 1ರಂದು ಶುರುವಾದದ್ದು ಅಲ್ಲೇ. ಅದನ್ನು ನಡೆಸುವ ಸಂಸ್ಥೆ ನಮ್ಮ ಮಗ್ಗುಲಿನ ಗೋವಾದ ವಾಸ್ಕೋದಲ್ಲಿದೆ. 2023ರ ಡಿಸೆಂಬರಿನಲ್ಲಿ ಚಳಿಗಾಲದ ಮೊದಲ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಆರ್ಕ್ಟಿಕ್ ಹಿಮ ಕರಗುವುದಕ್ಕೂ ನಮ್ಮ ಮಳೆಗೂ ಏನು ನಂಟು ಎಂದು ಹುಡುಕುವುದು ಹಿಮಾದ್ರಿಯ ಕೆಲಸಗಳಲ್ಲಿ ಒಂದು. ಮಲಪ್ರಭೆ ತುಂಬುವುದನ್ನೇ ಕಾಯುವ ನಮಗೆ ಅದು ದೂರದ ಮಾತಲ್ಲ. ಅಲ್ಲಿನ ಸೂಕ್ಷ್ಮ ಉಪಕರಣಗಳಿಗೆ ಅಡ್ಡಿಯಾಗದಂತೆ ಮೊಬೈಲಿನ ವೈಫೈ, ಬ್ಲೂಟೂತ್ ಎಲ್ಲ ಬಂದ್ ಮಾಡಬೇಕು. ಇಂಥ ಊರು ಇನ್ನಷ್ಟು ಇರಬೇಕಿತ್ತು.

ವೀಸಾದ ಪುಟವೇ ಬಲು ಕಗ್ಗಂಟು. ಸ್ವಾಲ್ಬಾರ್ಡಿಗೆ ಯಾರಿಗೂ ವೀಸಾ ಬೇಡ. 1920ರ ಒಪ್ಪಂದದಂತೆ ಅದರ ರೀತಿಯೇ ಬೇರೆ. ಆದರೆ ದಾರಿ ಓಸ್ಲೋ ಮೇಲೆ ಹಾಯುತ್ತದೆ, ಓಸ್ಲೋಗೆ ಶೆಂಗೆನ್ ವೀಸಾ ಬೇಕು. ದ್ವೀಪಕ್ಕೆ ಹೋದರೆ ಶೆಂಗೆನ್‌ನಿಂದ ಹೊರಬಿದ್ದಂತೆ, ಮರಳಿ ಒಳಬರಲು ಇನ್ನೊಮ್ಮೆ ಪ್ರವೇಶ ಬೇಕು. ಆದ್ದರಿಂದ ಎರಡು ಸಲ ಪ್ರವೇಶವಿರುವ ವೀಸಾವನ್ನೇ ಕೇಳಬೇಕು. ಇದನ್ನು ಬಿಡಿಸಿ ಬರೆದ ದಿನ ಗೆದ್ದವನಂತೆ ಎದ್ದು ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ.

ಮೊನ್ನೆ ಮಗಳು ಇಡೀ ನೋಟ್‌ಬುಕ್ ಓದಿ, ಪೇಡೆಯ ಪುಟಕ್ಕೆ ನಕ್ಕು, ಕೇಳಿದಳು: “ಎಲ್ಲಾ ಐತಿ ಅಪ್ಪಾ, ನಿಮ್ಮ ಪಾಸ್‌ಪೋರ್ಟ್ ಎಲ್ಲೈತಿ?”

ಕೀಲೆಣ್ಣೆಯ ಕೆಳಗೆ ಜಾಗ ಮಾಡಿ ಅದನ್ನೂ ಬರೆದೆ. ಬೆಳಗಾವಿಯ ಪೋಸ್ಟ್ ಆಫೀಸಿನಲ್ಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಜೋಳದ ಸುಗ್ಗಿ ಮುಗಿದ ಮೇಲೆ ಹೋಗಬೇಕು.